ಕುಣಿಯುವ ಮಕ್ಕಳಿಗೆ ಉದ್ದ ಬೋರ್ಡನ್ನೇ ಕೊಡಿಸಿ

ಮಾನ್ಯ ಸಂಪಾದಕರೇ,

ಕೋಡಿಬಾಗದಲ್ಲಿ ನನ್ನದೊಂದು ಸೈಕಲ್ ರಿಪೇರಿ ಅಂಗಡಿ ಇದೆ. ಇಪ್ಪತ್ತೆರಡು ವರ್ಷದಿಂದ ಪಂಕ್ಚರ್ ಹಾಕುತ್ತ, ಹಬ್ ಬಿಚ್ಚಿ ಗ್ರೀಸ್ ತುಂಬುತ್ತ ಬಂದವನು. ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು. ದೀಪಾವಳಿ ರಜೆ ಮುಗಿದ ಒಂದೇ ವಾರದಲ್ಲಿ ಮೂರು ಮನೆಯವರು ಹಾಳಾದ ಸ್ಕೇಟ್‌ಬೋರ್ಡ್ ಹಿಡಿದುಕೊಂಡು ನನ್ನ ಅಂಗಡಿಗೆ ಬಂದರು. ಒಂದರ ಹಲಗೆ ಸೀಳಿತ್ತು, ಇನ್ನೊಂದರ ಗಾಲಿ ತಿರುಗುತ್ತಿರಲಿಲ್ಲ, ಮೂರನೆಯದರ ಕೆಳಗಿನ ಕಬ್ಬಿಣವೇ ಬಾಗಿತ್ತು. ಮೂರೂ ಆನ್‌ಲೈನಲ್ಲಿ ತರಿಸಿದ್ದು. ಮೂರೂ ಮನೆಯ ಮಕ್ಕಳು ಕೇಳಿದ್ದು ಒಂದೇ, ಬೋರ್ಡ್ ಮೇಲೆ ಕುಣಿಯಬೇಕು ಅಂತ. ತಂದೆ ತಾಯಿ ಕೊಡಿಸಿದ್ದು ಮಾತ್ರ ಕುಣಿಯೋಕೇ ಆಗದ ಬೋರ್ಡ್. ಅವರ ತಪ್ಪೇನೂ ಇಲ್ಲ, ಹೇಳಿಕೊಡುವವರು ಊರಲ್ಲಿ ಯಾರೂ ಇಲ್ಲ. ನಾನೂ ಮೊದಲು ಹಾಗೇ ದುಡ್ಡು ಕಳೆದುಕೊಂಡವನು. ಅದಕ್ಕೇ ಬರೆಯುತ್ತಿದ್ದೇನೆ.

ಒಲಿಂಪಿಕ್ಸ್‌ನಲ್ಲಿ ಕಂಬಿ ಮೇಲೆ ಜಾರುವ, ಮೆಟ್ಟಿಲು ಹಾರುವ ಸ್ಕೇಟ್‌ಬೋರ್ಡಿಂಗ್ ಬೇರೆ, ಈ ಮಕ್ಕಳು ಕೇಳುತ್ತಿರುವುದು ಬೇರೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ಸೇರಿದ್ದು ಸ್ಟ್ರೀಟ್ ಮತ್ತು ಪಾರ್ಕ್ ಅನ್ನುವ ಎರಡು ಬಗೆ. ಅದರ ಬೋರ್ಡ್ ಸುಮಾರು 31-32 ಇಂಚು ಉದ್ದ, 8 ಇಂಚು ಅಗಲ, ಗಾಲಿ ಚಿಕ್ಕದು ಮತ್ತು ಕಲ್ಲಿನ ಹಾಗೆ ಗಟ್ಟಿ. ಮಕ್ಕಳು ಕೇಳುವುದು ಲಾಂಗ್‌ಬೋರ್ಡ್ ಡ್ಯಾನ್ಸ್, ಅಂದರೆ ಉದ್ದ ಬೋರ್ಡಿನ ಮೇಲಿನ ಕುಣಿತ. ಅದರಲ್ಲಿ ಹಾರಾಟ ಕಡಿಮೆ. ಬೋರ್ಡ್ ನಿಧಾನಕ್ಕೆ ಉರುಳುತ್ತಿರುತ್ತದೆ, ಅದರ ಮೇಲೆ ನಿಂತವರು ಕಾಲಿಗೆ ಕಾಲು ದಾಟಿಸಿ ಹಿಂದಿನಿಂದ ಮುಂದಿನ ತುದಿಗೆ ನಡೆಯುತ್ತಾರೆ, ಅಲ್ಲೇ ಮೈ ತಿರುಗಿಸಿ ಮತ್ತೆ ಹಿಂದಕ್ಕೆ ಬರುತ್ತಾರೆ. ಕ್ರಾಸ್ ಸ್ಟೆಪ್ ಮೊದಲ ಪಾಠ, ಆಮೇಲೆ ಪೀಟರ್ ಪ್ಯಾನ್ ಅನ್ನುವ ಹೆಜ್ಜೆ, ತುದಿ ಒತ್ತಿ ಬೋರ್ಡನ್ನೇ ತಿರುಗಿಸುವ ಪಿವಟ್, ಹೀಗೆ ಮುಂದಕ್ಕೆ. ಈ ನಡಿಗೆ ಬಂದದ್ದು ಸಮುದ್ರದಿಂದ. ಉದ್ದದ ಸರ್ಫ್ ಹಲಗೆಯ ಮೇಲೆ ಅಲೆ ಹಿಡಿದವರು ಹಲಗೆಯ ಮೂತಿಯ ತನಕ ಹೆಜ್ಜೆ ಹಾಕುತ್ತ ಹೋಗುತ್ತಾರಲ್ಲ, ಅದೇ ಹೆಜ್ಜೆ ರಸ್ತೆಗೆ ಇಳಿಯಿತು. ದಕ್ಷಿಣ ಕೊರಿಯಾದ ಕೋ ಹ್ಯೋಜೂ ಅನ್ನುವವರ ವಿಡಿಯೊಗಳು ಬಂದ ಮೇಲೆ ಇದು ಎಲ್ಲ ಕಡೆ ಮಕ್ಕಳ ಕಣ್ಣಿಗೆ ಬಿತ್ತು. ನನ್ನ ಮಗಳೂ ನೋಡಿದ್ದು ಅದನ್ನೇ. ಆಗ ಅವಳಿಗೆ ಹದಿನಾಲ್ಕು.

"ಅಪ್ಪಾ, ಇದು ಬೇಕು" ಅಂದಳು. ನಾನು ಮೂರು ಸಾವಿರ ಕೊಟ್ಟು ತರಿಸಿದೆ. ಬಂದದ್ದು 31 ಇಂಚಿನದು, ಬಣ್ಣ ಚೆನ್ನಾಗಿತ್ತು. ಅವಳು ಕಡಲ ತೀರದ ರಸ್ತೆಯ ಬದಿಯಲ್ಲಿ ಹತ್ತಿ ನಿಂತು ಒಂದು ಕಾಲು ದಾಟಿಸಿದಳು. ಇನ್ನೊಂದು ಕಾಲಿಡೋಕೆ ಜಾಗವೇ ಇಲ್ಲ. ಎರಡನೇ ದಿನ ಹುರುಳಿಕಾಳಿನಷ್ಟು ಕಲ್ಲು ಗಾಲಿಗೆ ಸಿಕ್ಕಿ ಬೋರ್ಡ್ ಅಲ್ಲೇ ನಿಂತುಬಿಟ್ಟಿತು, ಹುಡುಗಿ ಮುಂದಕ್ಕೆ ಹೋಗಿ ಬಿದ್ದಳು. ಅಂಗೈ ಸಿಪ್ಪೆ ಎದ್ದಿತ್ತು. ಅತ್ತಿದ್ದು ನೋವಿಗಲ್ಲ, ತನಗೆ ಇದು ಬರೋದೇ ಇಲ್ಲ ಅಂದುಕೊಂಡು. ಆ ಮಾತು ನನಗೆ ಈಗಲೂ ಚುಚ್ಚುತ್ತದೆ. ಬರದೇ ಇದ್ದದ್ದು ಅವಳಿಗಲ್ಲ, ಬೋರ್ಡಿಗೆ.

ಹಾಗಾಗಿ ಮೊದಲು ಉದ್ದ. ಯಕ್ಷಗಾನ ನೋಡಿದವರಿಗೆ ಇದನ್ನು ಜಾಸ್ತಿ ಹೇಳಬೇಕಿಲ್ಲ. ಒಳ್ಳೆಯ ವೇಷಧಾರಿಯನ್ನು ಎರಡು ಮಾರು ಜಾಗದಲ್ಲಿ ನಿಲ್ಲಿಸಿ ಪ್ರವೇಶದ ಕುಣಿತ ಮಾಡು ಅಂದರೆ ಏನು ಮಾಡಿಯಾನು? ಬೋರ್ಡೇ ಇಲ್ಲಿ ರಂಗಸ್ಥಳ. ಕುಣಿಯುವ ಬೋರ್ಡ್ ಕಡಿಮೆ ಅಂದರೂ 42 ಇಂಚು ಇರಬೇಕು, 46-48 ಇಂಚಿನದು ಸಾಮಾನ್ಯ. ಹೆಸರು ಮಾಡಿದ ಬೋರ್ಡ್‌ಗಳಲ್ಲಿ ಲೋಡೆಡ್ ಕಂಪನಿಯ ಭಾಂಗ್ರಾ ಒಂದು. ಹೌದು, ಪಂಜಾಬಿನ ಕುಣಿತದ ಹೆಸರೇ ಅಮೆರಿಕದ ಬೋರ್ಡಿಗೆ ಇಟ್ಟಿದ್ದಾರೆ. ಅದರ ಉದ್ದ ಸುಮಾರು 48 ಇಂಚು. ಮಗು ಸಣ್ಣದು, ಎತ್ತರ ಕಡಿಮೆ ಅಂದರೆ 42-44 ಸಾಕು, ಹಗುರ ಇರುತ್ತದೆ, ತಿರುಗಿಸೋಕೂ ಸುಲಭ. ಎತ್ತರದ ಹುಡುಗರಿಗೆ ಅದಕ್ಕಿಂತ ಉದ್ದ ಬೇಕು. ಅಗಲ 9ರಿಂದ 10 ಇಂಚು ಇರಲಿ. ಪಾದ ಅಡ್ಡಡ್ಡ ಇಡುತ್ತಾರಲ್ಲ, ಅಗಲ ಕಡಿಮೆಯಾದರೆ ಬೆರಳೂ ಹಿಮ್ಮಡಿಯೂ ಹೊರಗೆ ಚಾಚುತ್ತವೆ.

ಒಟ್ಟು ಉದ್ದ ಮಾತ್ರ ಕೇಳಿ ಸುಮ್ಮನಾಗಬೇಡಿ. ಮುಂದಿನ ಬೋಲ್ಟಿಗೂ ಹಿಂದಿನ ಬೋಲ್ಟಿಗೂ ನಡುವೆ ಎಷ್ಟು ಜಾಗ ಇದೆ ಅಂತ ಕೇಳಿ. ಹೆಜ್ಜೆ ಬೀಳುವುದು ಜಾಸ್ತಿ ಅಲ್ಲೇ. ಆ ಜಾಗ ಸಪಾಟಾಗಿರಬೇಕು, ಬದಿಗಳು ತೀರಾ ಮೇಲೆದ್ದು ಮೊರದ ಹಾಗಿರಬಾರದು. ಇಳಿಜಾರಿನಲ್ಲಿ ಜೋರಾಗಿ ಇಳಿಯುವವರಿಗೆ ಆ ಎದ್ದ ಬದಿ ಬೇಕು, ಕಾಲಿಗೆ ಹಿಡಿತ ಕೊಡುತ್ತದೆ. ಕುಣಿಯುವವರಿಗೆ ಅದು ಪ್ರತಿ ಹೆಜ್ಜೆಗೂ ತೊಡಕು. ಎರಡೂ ತುದಿ ದೋಣಿಯ ಮೂತಿಯ ಹಾಗೆ ಮೇಲಕ್ಕೆ ಬಾಗಿರಬೇಕು, ಎರಡೂ ಒಂದೇ ಥರ ಇರಬೇಕು. ಆ ಬಾಗಿದ ತುದಿಯ ಮೇಲೆ ಕಾಲೂರಿ ಒತ್ತಿದಾಗಲೇ ಬೋರ್ಡ್ ತಿರುಗುವುದು. ಒಂದೇ ಕಡೆ ಬಾಗಿದ್ದು ತಂದರೆ ತಿರುಗಿದ ಮೇಲೆ ಮುಂದಿನ ಹೆಜ್ಜೆ ಎಲ್ಲಿ ಅಂತ ಕಾಲಿಗೆ ಗೊತ್ತಾಗುವುದಿಲ್ಲ.

ಇನ್ನು ಬಾಗುವಿಕೆ. ಫ್ಲೆಕ್ಸ್ ಅನ್ನುತ್ತಾರೆ. ಬೋರ್ಡ್ ಆರಿಸುವಾಗ ಎಲ್ಲರೂ ತಪ್ಪುವುದು ಇಲ್ಲಿ. ನನ್ನ ತಾಯಿಯ ಮನೆ ಶಿರಸಿ ಕಡೆ. ಚಿಕ್ಕವನಿದ್ದಾಗ ಮಳೆಗಾಲದಲ್ಲಿ ತೋಟಕ್ಕೆ ಹೋಗಬೇಕಾದರೆ ಹಳ್ಳಕ್ಕೆ ಹಾಕಿದ ಅಡಿಕೆ ಮರದ ಸಂಕ ದಾಟಬೇಕಿತ್ತು. ಹೊಸ ಸಂಕದ ನಡುವೆ ಕಾಲಿಟ್ಟರೆ ಚೂರು ಕೆಳಗೆ ಹೋಗಿ ಮತ್ತೆ ಮೇಲೆ ಬಂದು ಮುಂದಿನ ಹೆಜ್ಜೆಗೆ ತಾನೇ ಎತ್ತಿ ಕೊಡುತ್ತಿತ್ತು. ಎರಡು ಮಳೆ ತಿಂದ ಸಂಕ ಕೆಳಗೆ ಹೋದರೆ ಮೇಲೆ ಬರುತ್ತಲೇ ಇರಲಿಲ್ಲ, ಎದೆ ಝಲ್ಲೆನ್ನುತ್ತಿತ್ತು. ಒಳ್ಳೆಯ ಬೋರ್ಡ್ ಆ ಹೊಸ ಸಂಕದ ಹಾಗಿರಬೇಕು. ನಡುವೆ ನಿಂತು ಮಂಡಿ ಬಗ್ಗಿಸಿ ಸ್ವಲ್ಪ ಒತ್ತಿ ನೋಡಿ. ಚೂರು ಇಳಿಯಬೇಕು, ತಕ್ಷಣ ಎದ್ದು ಬರಬೇಕು. ಅಷ್ಟೇ ಪರೀಕ್ಷೆ.

ಆದರೆ ಇದು ನಿಂತವರ ತೂಕಕ್ಕೆ ತಕ್ಕ ಹಾಗೆ ಬದಲಾಗುತ್ತದೆ. 45 ಕಿಲೋ ಹುಡುಗಿಗೆ ಹದವಾದದ್ದು 80 ಕಿಲೋ ಅಣ್ಣನಿಗೆ ತೊಟ್ಟಿಲಾಗುತ್ತದೆ, ಅವನಿಗೆ ಸರಿಯಾದದ್ದು ಅವಳಿಗೆ ಸಿಮೆಂಟ್ ನೆಲದ ಹಾಗೆ ಅನ್ನಿಸುತ್ತದೆ. ಒಳ್ಳೆಯ ಕಂಪನಿಯವರು ಒಂದೇ ಬೋರ್ಡನ್ನು ಎರಡು ಮೂರು ಬಿಗಿತದಲ್ಲಿ ಮಾಡಿ ಯಾವುದು ಎಷ್ಟು ತೂಕಕ್ಕೆ ಅಂತ ಬರೆದಿರುತ್ತಾರೆ. ಮಾರುವವರು ತೂಕ ಕೇಳದೇ ಬೋರ್ಡ್ ಕೊಡೋಕೆ ಹೊರಟರೆ ನೀವೇ ಕೇಳಿ. ಸಂಶಯ ಬಂದರೆ ಸ್ವಲ್ಪ ಬಿಗಿ ಇರುವುದನ್ನೇ ತೆಗೆದುಕೊಳ್ಳಿ ಅನ್ನುವುದು ನನ್ನ ಅಭಿಪ್ರಾಯ. ಮಕ್ಕಳು ಬೆಳೆಯುತ್ತಾರೆ, ಬೋರ್ಡ್ ಬೆಳೆಯೋದಿಲ್ಲ ಅಲ್ವಾ.

ಮೊದಲ ಬೋರ್ಡ್ ಹಾಳಾದ ಮೇಲೆ ನಾನು ಇನ್ನೊಂದು ಪ್ರಯತ್ನ ಮಾಡಿದೆ, ಬೇರೆಯವರು ಅದನ್ನು ಮಾಡದಿರಲಿ ಅಂತ ಹೇಳುತ್ತೇನೆ. ಪರಿಚಯದ ಬಡಗಿಯ ಹತ್ತಿರ 12 ಮಿಲಿಮೀಟರ್ ಪ್ಲೈವುಡ್ ತೆಗೆದುಕೊಂಡು 44 ಇಂಚಿನ ಹಲಗೆ ಕೊಯ್ಸಿದೆ. ಕೆಲಸ ಅಚ್ಚುಕಟ್ಟಾಗಿತ್ತು, ಬಡಗಿಯದ್ದೇನೂ ತಪ್ಪಿಲ್ಲ. ಒಂಬತ್ತನೇ ದಿನ ಮಗಳು ಪಿವಟ್ ಮಾಡೋಕೆ ಹೋದಾಗ ಟಕ್ ಅಂತ ಸಣ್ಣ ಸದ್ದು ಬಂತು. ಹಿಂದಿನ ನಾಲ್ಕು ಬೋಲ್ಟ್‌ಗಳ ಸಾಲಿನಲ್ಲಿ ಕೂದಲೆಳೆಯಷ್ಟು ಬಿರುಕು. ಕೈಯಲ್ಲಿ ಬಗ್ಗಿಸಿದರೆ ಬಾಯಿ ತೆರೆಯುತ್ತಿತ್ತು. ಆಮೇಲೆ ಕಾರಣ ಓದಿ ತಿಳಿದುಕೊಂಡೆ. ಮನೆಯ ಬಾಗಿಲು, ಕಪಾಟಿನ ಪ್ಲೈವುಡ್‌ನಲ್ಲಿ ಪದರ ಒಂದು ಉದ್ದಕ್ಕಿದ್ದರೆ ಇನ್ನೊಂದು ಅಡ್ಡಕ್ಕೆ. ಸ್ಕೇಟ್‌ಬೋರ್ಡಿನ ಹಲಗೆಯಲ್ಲಿ ಸಾಮಾನ್ಯವಾಗಿ ಮೇಪಲ್ ಮರದ 7 ಪದರ, ಅದರಲ್ಲಿ 5 ಉದ್ದಕ್ಕೆ, 2 ಮಾತ್ರ ಅಡ್ಡಕ್ಕೆ. ಭಾರ ಹೊರುವುದು ಆ ಉದ್ದದ ನಾರು. ಡ್ಯಾನ್ಸ್ ಬೋರ್ಡ್‌ಗಳಲ್ಲಿ ಬಹಳಷ್ಟು ಬಿದಿರಿನವು, ಮೇಲೆ ಕೆಳಗೆ ಫೈಬರ್‌ಗ್ಲಾಸ್ ಅಂಟಿಸಿರುತ್ತಾರೆ. ಬಿದಿರು ಬಾಗುತ್ತದೆ, ಫೈಬರ್‌ಗ್ಲಾಸ್ ಅದನ್ನು ಮತ್ತೆ ಎತ್ತುತ್ತದೆ. ದಾಂಡೇಲಿ ಕಾಡಿನ ಬಿದಿರು ನೋಡುತ್ತ ಬೆಳೆದ ಜಿಲ್ಲೆ ನಮ್ಮದು, ಬುಟ್ಟಿ ಹೆಣೆಯುವ ಕೈಗಳು ಇನ್ನೂ ಇವೆ. ಅಂಟಿಸುವ, ಒತ್ತುವ ಕೆಲಸ ಕಲಿಸಿದರೆ ಈ ಹಲಗೆ ಇಲ್ಲೇ ಆಗಬಾರದಾ ಅಂತ ನನಗೆ ಬಹಳ ಸಲ ಅನ್ನಿಸಿದೆ.

ಗಾಲಿಯ ವಿಷಯ. ಅಗ್ಗದ ಬೋರ್ಡಿನ ಗಾಲಿ ಬರೀ ಪ್ಲಾಸ್ಟಿಕ್. ನೆಲಕ್ಕೆ ಕುಟ್ಟಿದರೆ ಟಣಟಣ ಅನ್ನುತ್ತದೆ. ಬೇಕಾದದ್ದು ಪಾಲಿಯುರಿಥೇನ್ ಗಾಲಿ. ಅದರ ಗಟ್ಟಿತನವನ್ನು ಅಂಕಿ ಹಾಕಿ ಮೇಲೇ ಅಚ್ಚು ಮಾಡಿರುತ್ತಾರೆ. ಕುಣಿಯೋಕೆ 78ಎ ಇಂದ 82ಎ, ಅಡ್ಡಳತೆ 65ರಿಂದ 70 ಮಿಲಿಮೀಟರ್. ಅಂಕಿ ಕಡಿಮೆಯಾದಷ್ಟೂ ಮೆತ್ತಗೆ. 99ಎ, 101ಎ ಅಂತಿದ್ದರೆ ಅದು ಸ್ಟ್ರೀಟ್ ಸ್ಕೇಟಿಂಗ್‌ನದು, ನಯವಾದ ಕಾಂಕ್ರೀಟಿಗೆ ಸರಿ, ನಮ್ಮ ಒರಟು ರಸ್ತೆಗೆ ಅಲ್ಲ. ಅಂಕಿಯೇ ಕಾಣದಿದ್ದರೆ ಹೆಬ್ಬೆರಳಿನ ಉಗುರು ಒತ್ತಿ ನೋಡಿ. ಉಗುರಿನ ಗುರುತು ಒಂದು ಕ್ಷಣ ಕಂಡು ಮಾಯವಾದರೆ ಒಳ್ಳೆಯದು. ಮೆತ್ತನೆಯ ದೊಡ್ಡ ಗಾಲಿ ಸಣ್ಣ ಕಲ್ಲನ್ನು ಹತ್ತಿ ದಾಟಿಬಿಡುತ್ತದೆ. ನನ್ನ ಮಗಳು ಬಿದ್ದದ್ದು ಈ ಒಂದು ವ್ಯತ್ಯಾಸದಿಂದ.

ಗಾಲಿ ದೊಡ್ಡದಾದಾಗ ಇನ್ನೊಂದು ಅಪಾಯ ಇದೆ. ಒಂದು ಬದಿಗೆ ವಾಲಿದಾಗ ಗಾಲಿ ಹಲಗೆಯ ತಳಕ್ಕೆ ತಾಗಿ ಗಕ್ಕನೆ ನಿಲ್ಲುತ್ತದೆ. ವೀಲ್ ಬೈಟ್ ಅನ್ನುತ್ತಾರೆ. ಬೋರ್ಡ್ ತಂದ ದಿನವೇ ಪೂರ್ತಿ ಒಂದು ಅಂಚಿನ ಮೇಲೆ ನಿಂತು, ಯಾರಾದರೂ ಕೆಳಗೆ ಬಗ್ಗಿ ನೋಡಿ, ಎಷ್ಟು ಜಾಗ ಉಳಿದಿದೆ ಅಂತ. ತಾಗುವ ಹಾಗಿದ್ದರೆ ಹಲಗೆಗೂ ಗಾಲಿ ಕೂರುವ ಲೋಹದ ಅಚ್ಚಿಗೂ ನಡುವೆ ರೈಸರ್ ಪ್ಯಾಡ್ ಅನ್ನುವ ಕಾಲು ಇಂಚು ದಪ್ಪದ ತುಂಡು ಹಾಕಬೇಕು, ಬೋಲ್ಟೂ ಅಷ್ಟು ಉದ್ದದ್ದು ಬೇಕಾಗುತ್ತದೆ.

ಆ ಲೋಹದ ಅಚ್ಚಿಗೆ ಟ್ರಕ್ ಅನ್ನುತ್ತಾರೆ. ಇದರಲ್ಲಿ ಎರಡು ಥರ. ನಡುವಿನ ದೊಡ್ಡ ಬೋಲ್ಟ್, ಕಿಂಗ್‌ಪಿನ್, ಬೋರ್ಡಿನ ಒಳಮುಖ ಇದ್ದರೆ ಅದು ಸ್ಟ್ರೀಟ್ ಬೋರ್ಡಿನದು, ಹೊರಮುಖ ಇದ್ದರೆ ಲಾಂಗ್‌ಬೋರ್ಡಿನದು. ಹೊರಮುಖದ್ದೇ ಬೇಕು, 180 ಮಿಲಿಮೀಟರ್ ಅಗಲದ್ದು, ತಳದ ಕೋನ 50 ಡಿಗ್ರಿ. ನಿಧಾನಕ್ಕೆ ಹೋಗುವಾಗಲೂ ಅದು ಮೈ ವಾಲಿದ ಕಡೆಗೆ ಮೆಲ್ಲಗೆ ಹೊರಳುತ್ತದೆ. ಕಲಿಯುವವರು ಆ ಬೋಲ್ಟನ್ನು ಸ್ವಲ್ಪ ಬಿಗಿಯಾಗಿಡಿ, ಕಾಲಿಗೆ ನಂಬಿಕೆ ಬಂದ ಹಾಗೆ ವಾರಕ್ಕೊಮ್ಮೆ ಅರ್ಧ ಸುತ್ತು ಸಡಿಲ ಮಾಡಿ. ಇದಕ್ಕೆ 14ರ ಸ್ಪ್ಯಾನರ್, ಗಾಲಿಯ ನಟ್ಟಿಗೆ 13, ಹಲಗೆಯ ಬೋಲ್ಟಿಗೆ 10. ಮೂರೂ ಯಾವ ಸೈಕಲ್ ಅಂಗಡಿಯಲ್ಲೂ ಇರುತ್ತವೆ.

ಬೇರಿಂಗ್ ನನ್ನ ಕೆಲಸದ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ. ಸ್ಕೇಟ್‌ಬೋರ್ಡಿನ ಬೇರಿಂಗ್ ನಂಬರ್ 608. ಒಳಗಿನ ತೂತು 8 ಮಿಲಿಮೀಟರ್, ಹೊರಗಿನ ಅಳತೆ 22, ದಪ್ಪ 7. ಬೋರ್ಡಿಗೆ ಎಂಟು ಬೇಕು, ಗಾಲಿಗೆ ಎರಡರಂತೆ. ಡಬ್ಬಿಯ ಮೇಲೆ ಎಬಿಇಸಿ 7, 9, 11 ಅಂತ ದೊಡ್ಡದಾಗಿ ಬರೆದು ಜಾಸ್ತಿ ದುಡ್ಡು ಕೇಳುತ್ತಾರೆ. ಆ ಅಂಕಿ ಅಳತೆ ಎಷ್ಟು ಕರಾರುವಾಕ್ಕು ಅನ್ನುವುದಕ್ಕೆ, ಬಾಳಿಕೆಗೆ ಅಲ್ಲ, ಕುಣಿಯುವ ವೇಗಕ್ಕೆ ಅದರಿಂದ ಏನೂ ಆಗಬೇಕಾದ್ದಿಲ್ಲ. ಗಾಲಿಯನ್ನು ಕೈಯಲ್ಲಿ ತಿರುಗಿಸಿ ಎಷ್ಟು ಹೊತ್ತು ತಿರುಗಿತು ಅಂತ ನೋಡುವುದೂ ಬೇಡ, ಮೈಭಾರ ಬಿದ್ದಾಗ ಆ ಲೆಕ್ಕವೇ ಬೇರೆ. ಕಾರವಾರದಲ್ಲಿ, ಅಂಕೋಲಾ ಕುಮಟಾದಲ್ಲಿ ಇರುವವರು ನೋಡಬೇಕಾದ್ದು ಒಂದೇ, ಎರಡೂ ಬದಿಗೆ ರಬ್ಬರ್ ಸೀಲ್ ಇದೆಯಾ ಅಂತ. 608-2ಆರ್‌ಎಸ್ ಅಂತ ಬರೆದಿರುತ್ತದೆ. ಜಡ್‌ಜಡ್ ಅಂತಿದ್ದರೆ ಲೋಹದ ಮುಚ್ಚಳ, ಅದರ ಸಂದಿಯಿಂದ ಮರಳೂ ಉಪ್ಪಿನ ಗಾಳಿಯೂ ಒಳಗೆ ಹೋಗುತ್ತದೆ. ಮೊನ್ನೆ ಬಂದ ಮೂರು ಬೋರ್ಡ್‌ಗಳಲ್ಲಿ ಒಂದರ ಬೇರಿಂಗ್ ಬಿಚ್ಚಿದೆ. ಒಳಗೆ ಕೆಂಪು ತುಕ್ಕಿನ ಕೆಸರು, ಗುಂಡುಗಳ ಮೇಲೆ ಚುಕ್ಕೆ ಚುಕ್ಕೆ ಕಚ್ಚು. ಬೋರ್ಡ್ ತಂದು ಎರಡು ತಿಂಗಳೂ ಆಗಿರಲಿಲ್ಲ. ಬೀಚಿನಿಂದ ಬಂದ ಮೇಲೆ ನೀರಲ್ಲಿ ತೊಳೆದಿದ್ದರಂತೆ, ಸ್ವಚ್ಛ ಆಗಲಿ ಅಂತ. ದಯವಿಟ್ಟು ತೊಳೆಯಬೇಡಿ. ಒಣ ಬಟ್ಟೆಯಲ್ಲಿ ಒರೆಸಿ. ತಿಂಗಳಿಗೊಮ್ಮೆ ಗಾಲಿ ಕಳಚಿ, ಸೀಲನ್ನು ಗುಂಡುಸೂಜಿಯಿಂದ ಮೆಲ್ಲಗೆ ಎತ್ತಿ, ಹೊಲಿಗೆ ಮಿಷನ್ನಿನ ಎಣ್ಣೆ ಎರಡು ಹನಿ ಬಿಡಿ. ಸೈಕಲ್ ಹಬ್ಬಿಗೆ ಹಾಕುವ ದಪ್ಪ ಗ್ರೀಸ್ ಬೇಡ, ಗಾಲಿ ಭಾರವಾಗುತ್ತದೆ. ಮಳೆಯಲ್ಲಿ ನೆನೆದ ಬೋರ್ಡನ್ನು ಗೋಡೆಗೆ ಆನಿಸಿ ನಿಲ್ಲಿಸಬೇಡಿ, ಡೊಂಕಾಗುತ್ತದೆ, ಅಂಚಿನ ಪದರವೂ ಬಿಡುತ್ತದೆ.

ಹಲಗೆಯ ಮೇಲೆ ಅಂಟಿಸುವ ಮರಳು ಕಾಗದದಂಥ ಹಾಳೆ, ಗ್ರಿಪ್ ಟೇಪ್, ತೀರಾ ಒರಟು ಬೇಡ. ಕುಣಿಯುವಾಗ ಪಾದ ಅದರ ಮೇಲೇ ತಿರುಗಬೇಕು. ಚಪ್ಪಲಿ ಹಾಕಿ ಹತ್ತಬೇಡಿ, ಸಪಾಟು ಅಟ್ಟೆಯ ಕ್ಯಾನ್ವಾಸ್ ಶೂ ಸಾಕು. ಹೆಲ್ಮೆಟ್, ಮಣಿಕಟ್ಟಿನ ಗಾರ್ಡ್ ಇಲ್ಲದೆ ಬೇಡವೇ ಬೇಡ.

ದುಡ್ಡಿನ ಮಾತು. ಹೊರದೇಶದ ಒಳ್ಳೆಯ ಡ್ಯಾನ್ಸ್ ಬೋರ್ಡ್ ಪೂರ್ತಿ ಸೆಟ್ ಇಪ್ಪತ್ತು ಸಾವಿರ ದಾಟುತ್ತದೆ. ನಮ್ಮಂಥವರಿಗೆ ಅದು ಜಾಸ್ತಿಯೇ. ಮೂರು ಸಾವಿರದ್ದನ್ನು ಮೂರು ಸಲ ಕೊಳ್ಳುವುದಕ್ಕಿಂತ, ಮೂರು ಮನೆಯವರು ಸೇರಿ ಒಂದು ಒಳ್ಳೆಯದು ತನ್ನಿ. ಈ ಆಟ ಸರದಿಯಲ್ಲಿ ಆಡುವಂಥದ್ದು, ಒಬ್ಬರು ಕುಣಿದರೆ ಇಬ್ಬರು ನೋಡಿ ಕಲಿಯುತ್ತಾರೆ. ಇಲ್ಲವೇ ಬೆಂಗಳೂರಲ್ಲಿ ಹಳೆಯದು ಸಿಗುತ್ತದೆ. ನಾವು ಕೊನೆಗೆ ಮಾಡಿದ್ದು ಅದನ್ನೇ. ಕಾಲೇಜು ಮುಗಿಸಿ ಹೊರಟಿದ್ದ ಒಬ್ಬ ಹುಡುಗನ 46 ಇಂಚಿನ ಬಿದಿರಿನ ಬೋರ್ಡ್ ಒಂಬತ್ತೂವರೆ ಸಾವಿರಕ್ಕೆ ಸಿಕ್ಕಿತು. ಹಳೆಯದು ಕೊಳ್ಳುವಾಗ ಬೋಲ್ಟಿನ ಸುತ್ತ ಬಿರುಕು ಇದೆಯಾ ನೋಡಿ, ಸಪಾಟು ನೆಲದ ಮೇಲಿಟ್ಟು ನಾಲ್ಕೂ ಗಾಲಿ ತಾಗುತ್ತವೆಯಾ ನೋಡಿ, ಅಂಚನ್ನು ಉಗುರಿನಿಂದ ಸವರಿ ಪದರ ಬಿಟ್ಟಿದೆಯಾ ನೋಡಿ. ಗಾಲಿ, ಬೇರಿಂಗ್ ಸವೆದಿದ್ದರೆ ಚಿಂತೆ ಬೇಡ, ಬದಲಾಯಿಸಬಹುದು. ಹಲಗೆ ಸೀಳಿದ್ದರೆ ಬಿಟ್ಟು ಬನ್ನಿ.

ಆ ಬೋರ್ಡ್ ಬಂದ ದಿನ ಸಂಜೆ ಮಗಳು ಹಿಂದಿನ ತುದಿಯಿಂದ ಮುಂದಿನ ತುದಿಗೆ ನಾಲ್ಕು ಹೆಜ್ಜೆ ನಡೆದಳು. ಇಳಿಯಲಿಲ್ಲ, ಬೀಳಲಿಲ್ಲ. "ಅಪ್ಪಾ, ಕಾಲಿಗೆ ಜಾಗ ಇದೆ" ಅಂದಳು. ಬೇಸಿಗೆ ಶಿಬಿರದಲ್ಲಿ ಎರಡು ವರ್ಷ ಬಡಗುತಿಟ್ಟಿನ ಹೆಜ್ಜೆ ಕಲಿತ ಕಾಲು ಅದು. ಈಗ ಬಾಯಲ್ಲಿ ತಾಳ ಹೇಳಿಕೊಂಡೇ ಬೋರ್ಡ್ ಮೇಲೆ ತಿರುಗುತ್ತಾಳೆ. ನೋಡುತ್ತ ನಿಂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ.

ಕೆಲವರು ಅಂಗಡಿಯಲ್ಲಿ ಕೇಳುತ್ತಾರೆ, ಇದರಲ್ಲಿ ಮೆಡಲ್ ಸಿಗುತ್ತಾ, ಕೋಟಾ ಇದೆಯಾ ಅಂತ. ಲಾಂಗ್‌ಬೋರ್ಡ್ ಡ್ಯಾನ್ಸ್ ಒಲಿಂಪಿಕ್ಸ್‌ನಲ್ಲಿ ಇಲ್ಲ. ಸುಗ್ಗಿ ಕುಣಿತಕ್ಕೂ ಯಾರೂ ಮೆಡಲ್ ಕೊಡುವುದಿಲ್ಲ, ಆದರೂ ಅಂಕೋಲೆಯಲ್ಲಿ ತುರಾಯಿ ಕಟ್ಟಿಕೊಂಡು ಕುಣಿಯುವುದನ್ನು ಬಿಟ್ಟಿಲ್ಲ.

ಇನ್ನು ಜಾಗ. ಎಂಥ ಬೋರ್ಡ್ ತಂದರೂ ನೆಲ ಇಲ್ಲದಿದ್ದರೆ ಏನು ಮಾಡುವುದು? ಹೆದ್ದಾರಿಗೆ, ಕಾಳಿ ಸೇತುವೆಗೆ ಮಕ್ಕಳನ್ನು ಕಳಿಸೋಕೆ ಆಗುವುದಿಲ್ಲ, ಕಳಿಸಲೂಬಾರದು. ಟ್ಯಾಗೋರ್ ಕಡಲತೀರದ ಕಡೆ ಸಂಜೆ ವಾಕಿಂಗ್‌ಗೆ ಬರುವ ಹಿರಿಯರಿದ್ದಾರೆ, ಅವರ ಕಾಲಿಗೆ ಬೋರ್ಡ್ ಬಡಿದರೆ ಅದೂ ತಪ್ಪು. ಇಂಟರ್‌ಲಾಕ್ ಇಟ್ಟಿಗೆಯ ಪ್ರತಿ ಸಂದಿಯೂ ಗಾಲಿಗೆ ಒಂದು ಪೆಟ್ಟು. ಮಗಳು ಮತ್ತು ಅವಳ ಗೆಳತಿಯರು ಬೆಳಿಗ್ಗೆ ಆರಕ್ಕೆ ಎದ್ದು, ಜನ ಬರುವ ಮೊದಲು, ಪೊರಕೆ ತೆಗೆದುಕೊಂಡು ಹೋಗಿ ಮರಳು ಗುಡಿಸಿ ಕುಣಿದು ಬರುತ್ತಾರೆ. ಜೂನ್ ಬಂದರೆ ನಾಲ್ಕು ತಿಂಗಳು ಅದೂ ಇಲ್ಲ.

ಮಧ್ಯಪ್ರದೇಶದ ಪನ್ನಾ ಜಿಲ್ಲೆಯಲ್ಲಿ ಜನ್ವಾರ್ ಅಂತ ಒಂದು ಹಳ್ಳಿ ಇದೆ. 2015ರಲ್ಲಿ ಅಲ್ಲಿ ಮಕ್ಕಳಿಗೆ ಸ್ಕೇಟ್ ಪಾರ್ಕ್ ಆಯಿತು. ಆ ಹಳ್ಳಿಯ ಆಶಾ ಗೋಂಡ್ ಅನ್ನುವ ಹುಡುಗಿ 2018ರಲ್ಲಿ ಚೀನಾದ ನಾನ್‌ಜಿಂಗ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ಗೆ ಹೋಗಿ ಬಂದಳು. ನಾವು ಪಾರ್ಕ್ ಕೇಳುತ್ತಿಲ್ಲ. ಕುಣಿಯುವವರಿಗೆ ಗುಂಡಿ, ದಿಬ್ಬ, ಕಂಬಿ ಯಾವುದೂ ಬೇಡ. ಸುಮಾರು ಮೂವತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ಸಂದಿಯಿಲ್ಲದೆ ನಯವಾಗಿ ತಿಕ್ಕಿದ ಸಿಮೆಂಟ್ ನೆಲ, ಮೇಲೆ ಒಂದು ತಗಡಿನ ಮಾಡು. ಮಳೆಗಾಲದಲ್ಲಿ ಅದೇ ನೆಲದ ಮೇಲೆ ರೋಲರ್ ಸ್ಕೇಟಿಂಗ್ ಮಕ್ಕಳೂ ಆಡಬಹುದು, ಯಕ್ಷಗಾನದ ಹೆಜ್ಜೆ ಕಲಿಸುವವರೂ ತರಗತಿ ಮಾಡಬಹುದು. ನಗರಸಭೆಯವರು, ಕ್ರೀಡಾ ಇಲಾಖೆಯವರು ಈ ಪತ್ರ ಓದಿದರೆ ಒಂದು ದಿನ ಬೆಳಿಗ್ಗೆ ಆರಕ್ಕೆ ಬೀಚಿಗೆ ಬನ್ನಿ. ಪೊರಕೆ ಹಿಡಿದ ಹುಡುಗಿಯರು ಅಲ್ಲೇ ಇರುತ್ತಾರೆ, ಎಂಥ ನೆಲ ಬೇಕು ಅಂತ ಅವರೇ ತೋರಿಸುತ್ತಾರೆ.

ಬೋರ್ಡ್ ತರಿಸುವ ಮೊದಲು ಕೇಳಬೇಕು ಅನ್ನಿಸಿದವರು ನನ್ನ ಅಂಗಡಿಗೆ ಬನ್ನಿ. ಮಗುವನ್ನೂ ಕರೆತನ್ನಿ, ತೂಕ ಎಷ್ಟು ಅಂತ ಗೊತ್ತಿರಲಿ. ಮಗಳ ಬೋರ್ಡ್ ಭಾನುವಾರ ಅಂಗಡಿಯಲ್ಲೇ ಇರುತ್ತದೆ, ಹತ್ತಿ ನಿಂತು ನೋಡಬಹುದು.

ಇತಿ ನಿಮ್ಮ ಓದುಗ,
ಸೈಕಲ್ ರಿಪೇರಿ ಅಂಗಡಿಯವನು,
ಕೋಡಿಬಾಗ, ಕಾರವಾರ